ಬಾಡಿಗೆಯವರನ್ನು ಬಚ್ಚಿಡಬೇಡಿ, ಗಣತಿಯಲ್ಲಿ ಬರೆಸಿ

ಮಾನ್ಯ ಸಂಪಾದಕರೇ,

2027ರ ಜನಗಣತಿ ಬಗ್ಗೆ ಪತ್ರಿಕೆಯಲ್ಲಿ ಬರುವ ಸುದ್ದಿಗಳನ್ನು ಬಿಡದೆ ಓದುತ್ತಿದ್ದೇನೆ. ಜಾತಿ ಕಾಲಂ ಬಗ್ಗೆ ಚರ್ಚೆ ಜೋರಾಗಿದೆ, ಮೊಬೈಲ್ ಆ್ಯಪ್ ಬಗ್ಗೆಯೂ ಮಾತು ನಡೆದಿದೆ. ಆಗಬೇಕಾದ್ದೇ. ಆದರೆ ಬೆಂಗಳೂರಿನ ಮಟ್ಟಿಗೆ ಅದಕ್ಕೂ ಮೊದಲು ಕೇಳಬೇಕಾದ ಪ್ರಶ್ನೆ ಒಂದಿದೆ. ಇಲ್ಲಿ ಇರುವವರೆಲ್ಲ ಲೆಕ್ಕಕ್ಕೆ ಸಿಗುತ್ತಾರಾ? ನಾನು ಸರ್ಕಾರಿ ಪ್ರಾಥಮಿಕ ಶಾಲೆಯಲ್ಲಿ ಟೀಚರಾಗಿದ್ದವಳು, ಈಗ ನಿವೃತ್ತಿಯಾಗಿದೆ. 2001 ಮತ್ತು 2011ರ ಗಣತಿಯಲ್ಲಿ ಪೀಣ್ಯ, ಲಗ್ಗೆರೆ ಕಡೆ ಮನೆಮನೆ ತಿರುಗಿದ್ದೇನೆ. ಯಾರು ಬಿಟ್ಟುಹೋಗುತ್ತಾರೆ, ಯಾಕೆ ಬಿಟ್ಟುಹೋಗುತ್ತಾರೆ ಅನ್ನುವುದನ್ನು ಹತ್ತಿರದಿಂದ ಕಂಡಿದ್ದೇನೆ. ಅದನ್ನು ಹೇಳಲೆಂದೇ ಈ ಪತ್ರ.

2011ರಲ್ಲಿ ಬೆಂಗಳೂರು ನಗರ ಜಿಲ್ಲೆಯ ಜನಸಂಖ್ಯೆ 96.21 ಲಕ್ಷ. ಅದಕ್ಕೆ ಹತ್ತು ವರ್ಷ ಹಿಂದೆ 65.37 ಲಕ್ಷ ಇತ್ತು. ಒಂದೇ ದಶಕದಲ್ಲಿ ಶೇ 47ರಷ್ಟು ಏರಿಕೆ. ಚದರ ಕಿಲೋಮೀಟರಿಗೆ 4,381 ಜನ. 2021ರ ಗಣತಿ ಕೋವಿಡ್‌ನಿಂದ ಮುಂದಕ್ಕೆ ಹೋಯಿತು, ಹಾಗಾಗಿ ಇವತ್ತಿಗೂ ನಮ್ಮ ಕೈಯಲ್ಲಿರುವುದು ಆ ಹಳೇ ಲೆಕ್ಕವೇ. ನಾವು 2011ರ ಫೆಬ್ರವರಿಯಲ್ಲಿ ಎಣಿಸಿದಾಗ ಬೆಂಗಳೂರಿನಲ್ಲಿ ಮೆಟ್ರೊದ ಒಂದು ರೈಲೂ ಓಡಿರಲಿಲ್ಲ. ಮೊದಲ ರೈಲು ಓಡಿದ್ದು ಅದೇ ವರ್ಷದ ಅಕ್ಟೋಬರಿನಲ್ಲಿ. ಊರು ಇಷ್ಟು ಬೆಳೆದ ಮೇಲೂ, 2025ರಲ್ಲಿ ಐದು ಪಾಲಿಕೆ ಮಾಡಿ ವಾರ್ಡ್ ಗಡಿ ಹಾಕಿದಾಗ ಹಿಡಿದದ್ದು ಅದೇ 2011ರ ಅಂಕಿ. ಆಹಾರ ಭದ್ರತಾ ಕಾಯ್ದೆಯ ಪಡಿತರ ಎಷ್ಟು ಜನಕ್ಕೆ ಅನ್ನುವುದಕ್ಕೂ ಅದೇ ಆಧಾರ. ನಗರ ಆರೋಗ್ಯ ಮಿಷನ್ ಪ್ರಕಾರ 50,000 ಜನಕ್ಕೆ ಒಂದು ನಗರ ಆರೋಗ್ಯ ಕೇಂದ್ರ ಬೇಕು. 400ರಿಂದ 800 ಜನಕ್ಕೆ ಒಂದು ಅಂಗನವಾಡಿ ಬೇಕು. ಜನ ಎಷ್ಟಿದ್ದಾರೆ ಅನ್ನುವುದೇ ತಪ್ಪಾದರೆ ಇದೆಲ್ಲ ಸರಿಯಾಗುವುದು ಹೇಗೆ?

ಗಣತಿಯಲ್ಲಿ ಒಂದು ಮನೆಯವರು ಅಂದರೆ ಯಾರು? ಇದು ಜಾಸ್ತಿ ಜನಕ್ಕೆ ಗೊತ್ತಿಲ್ಲ. ರಕ್ತ ಸಂಬಂಧ ಇರಲೇಬೇಕು ಅಂತೇನೂ ಇಲ್ಲ. ಒಟ್ಟಿಗೆ ಇದ್ದು ಒಂದೇ ಅಡುಗೆಮನೆಯಲ್ಲಿ ಉಣ್ಣುವವರು ಒಂದು ಮನೆಯವರು, ಅಷ್ಟೇ. ಅಣ್ಣ ಕೆಳಗೆ, ತಮ್ಮ ಮೇಲೆ ಇದ್ದು ಒಲೆ ಬೇರೆಯಾದರೆ ಕಟ್ಟಡ ಒಂದೇ ಆದರೂ ಎರಡು ಮನೆ. ತಾಯಿ ಯಾರ ಮನೆಯಲ್ಲಿ ಉಣ್ಣುತ್ತಾರೋ ಅಲ್ಲಿ ಬರೆಯಬೇಕು. ಹಾಸನದವನೊಬ್ಬ, ಪಾಟ್ನಾದವನೊಬ್ಬ, ಕೊಚ್ಚಿಯವನೊಬ್ಬ ಸೇರಿ ಫ್ಲ್ಯಾಟ್ ಹಿಡಿದು ಒಟ್ಟಿಗೆ ಅಡುಗೆ ಮಾಡಿಕೊಂಡಿದ್ದರೆ ಅವರೂ ಒಂದು ಮನೆಯವರೇ. ಯಜಮಾನ ಯಾರು ಅಂದರೆ ಅವರು ಯಾರನ್ನು ಹೇಳುತ್ತಾರೋ ಅವರು. 'ನಾವು ಬ್ಯಾಚುಲರ್ಸ್ ಮೇಡಂ, ನಮ್ಮದು ಫ್ಯಾಮಿಲಿ ಅಲ್ಲ' ಅಂತ ಹುಡುಗರು ಬಾಗಿಲು ಹಾಕಿಕೊಂಡದ್ದನ್ನು ನೋಡಿದ್ದೇನೆ. ಒಬ್ಬಳೇ ರೂಮು ಮಾಡಿಕೊಂಡು ಗಾರ್ಮೆಂಟ್ಸ್‌ಗೆ ಹೋಗುವ ಹುಡುಗಿಯದೂ ಒಂದು ಪೂರ್ತಿ ಮನೆಯೇ, ಆಕೆಯೇ ಯಜಮಾನಿ. ಮನೆಯಲ್ಲೇ ಇದ್ದು, ಉಂಡು ಮಲಗುವ ಕೆಲಸದವಳನ್ನೂ ಆ ಮನೆಯ ಪಟ್ಟಿಯಲ್ಲೇ ಬರೆಯಬೇಕು. ಯಜಮಾನನಿಗೆ ಏನಾಗಬೇಕು ಅನ್ನುವ ಕಾಲಂನಲ್ಲಿ ಕೆಲಸದವರು ಅಂತಲೂ ಬರೆಯಬಹುದು. ಎಷ್ಟೋ ಮನೆಯವರು ಅವಳನ್ನು ಹೇಳುವುದೇ ಇಲ್ಲ. ಕೇಳಿದರೂ 'ಅವಳು ನಮ್ಮವಳಲ್ಲ' ಅನ್ನುತ್ತಾರೆ.

ಪಿಜಿಗಳದು ಇನ್ನೊಂದು ಕಥೆ. ಎಲ್ಲರಿಗೂ ಒಂದೇ ಅಡುಗೆಮನೆ ಇದ್ದರೆ ಹಾಸ್ಟೆಲ್ಲಿನ ಹಾಗೆ ಸಾಂಸ್ಥಿಕ ಮನೆ ಅಂತ ಬರೆಯುತ್ತಾರೆ. ಬೆಂಗಳೂರಿನಲ್ಲಿ ಪಿಜಿ ಇಲ್ಲದ ಬಡಾವಣೆ ಹುಡುಕುವುದೇ ಕಷ್ಟ ಅಲ್ವಾ? ಆದರೆ ಪಟ್ಟಿಯಲ್ಲಿ ಅವರು ಕಾಣುವುದು ಕಮ್ಮಿ. 2011ರಲ್ಲಿ ನನಗೆ ಎಣಿಸಲು ಕೊಟ್ಟ ಬ್ಲಾಕಿನಲ್ಲಿ ಮೂರು ಮಹಡಿಯ ಒಂದು ಕಟ್ಟಡ ಇತ್ತು. ಮಾಲೀಕರು ಕಾಫಿ ಕೊಟ್ಟು ಕೂರಿಸಿ, ಗಂಡ, ಹೆಂಡತಿ, ಇಬ್ಬರು ಮಕ್ಕಳು ಅಂತ ಬರೆಸಿದರು. ಮೇಲೆ ಯಾರಿದ್ದಾರೆ ಅಂದೆ. 'ಖಾಲಿ ಮೇಡಂ' ಅಂದರು. ಖಾಲಿ ಅಂದ ಮಹಡಿಯ ಮೆಟ್ಟಿಲ ಪಕ್ಕದಲ್ಲಿ ಸಾಲಾಗಿ ಹೆಣ್ಣುಮಕ್ಕಳ ಚಪ್ಪಲಿ. ಗ್ರಿಲ್ಲಿಗೆ ಒಗೆದ ಬಟ್ಟೆ ಹರವಿತ್ತು. ನೀರಿನ ಮೋಟರ್ ಹತ್ತಿರ ಒಂದರ ಮೇಲೊಂದು ಬಕೆಟ್, ಒಂದೊಂದರ ಮೇಲೂ ಪೇಂಟಿನಲ್ಲಿ ರೂಮ್ ನಂಬರ್. ರಾತ್ರಿ ಮತ್ತೆ ಹೋದೆ. ಫ್ಯಾಕ್ಟರಿ ಬಿಟ್ಟು ಬಂದ ಹುಡುಗಿಯರು ಸಿಕ್ಕರು. ಒಬ್ಬಳು ಚಿಕ್ಕನಾಯಕನಹಳ್ಳಿ ಕಡೆಯವಳು. 'ನಮ್ಮ ಹೆಸರು ಕೊಟ್ಟರೆ ಓನರ್ ರೂಮು ಬಿಡಿಸ್ತಾರೆ ಮಿಸ್' ಅಂತ ಕೈ ಮುಗಿದಳು. ಆಕೆಯನ್ನು ಒಪ್ಪಿಸಿ, ಮಾಲೀಕರನ್ನೂ ಕೂರಿಸಿಕೊಂಡು ಮಾತಾಡಿ, ಕೊನೆಗೆ ಎಲ್ಲರನ್ನೂ ಬರೆದುಕೊಂಡೆ. ಅದಕ್ಕೆ ಹಿಡಿದ ಹೊತ್ತಿನಲ್ಲಿ ಒಂದು ಬೀದಿಯೇ ಮುಗಿಯುತ್ತಿತ್ತು. ಒಬ್ಬ ಗಣತಿದಾರರಿಗೆ ಏಳೆಂಟು ನೂರು ಜನರ ಬ್ಲಾಕ್ ಕೊಟ್ಟಿರುತ್ತಾರೆ, ಜೊತೆಗೆ ಶಾಲೆ ಕೆಲಸವೂ ಇರುತ್ತದೆ. ಎಲ್ಲರೂ ಹಾಗೆ ರಾತ್ರಿ ಮತ್ತೆ ಹೋಗುವುದು ಆಗದ ಮಾತು.

ಮಾಲೀಕರ ಹೆದರಿಕೆ ಏನು ಅಂತ ನನಗೆ ಗೊತ್ತು. ಕರೆಂಟು ಕಮರ್ಷಿಯಲ್ ಆಗುತ್ತದೆ, ಆಸ್ತಿ ತೆರಿಗೆ ಏರುತ್ತದೆ, ಲೈಸೆನ್ಸ್ ಕೇಳುತ್ತಾರೆ ಅಂತ. ಅವರಿಗೆ ಒಂದು ಮಾತು ಸ್ಪಷ್ಟವಾಗಿ ಹೇಳಬೇಕು. 1948ರ ಜನಗಣತಿ ಕಾಯ್ದೆಯ 15ನೇ ಸೆಕ್ಷನ್ ಪ್ರಕಾರ ನೀವು ಗಣತಿಯಲ್ಲಿ ಕೊಟ್ಟ ವಿವರವನ್ನು ಬೇರೆ ಯಾರೂ ತೆಗೆದು ನೋಡುವ ಹಾಗಿಲ್ಲ. ಕೋರ್ಟಿನಲ್ಲಿ ನಿಮ್ಮ ವಿರುದ್ಧ ಸಾಕ್ಷಿಯಾಗಿ ಬಳಸುವ ಹಾಗೂ ಇಲ್ಲ. ಉತ್ತರ ಕೊಡುವುದು ಮಾತ್ರ ಅದೇ ಕಾಯ್ದೆಯ ಪ್ರಕಾರ ಕಡ್ಡಾಯ. ಬಾಡಿಗೆ ತಿಂಗಳು ತಿಂಗಳು ತಪ್ಪದೆ ತೆಗೆದುಕೊಂಡು, ಎಣಿಕೆ ಹೊತ್ತಿಗೆ ಅವರು ಇಲ್ಲವೇ ಇಲ್ಲ ಅನ್ನುವುದು ನ್ಯಾಯವಲ್ಲ. ಆ ಬೀದಿಯ ಒಳಚರಂಡಿ ಉಕ್ಕಿ ಹರಿದಾಗ, ಕಾವೇರಿ ನೀರು ಸಾಲದೆ ಬಂದಾಗ ಮಾಲೀಕರೇ ಮೊದಲು ಫೋನ್ ಮಾಡುವುದು. ನಾಲ್ಕೇ ಜನ ಅಂತ ಬರೆಸಿದ ಕಟ್ಟಡದಲ್ಲಿ ನಲವತ್ತು ಜನ ಸ್ನಾನ ಮಾಡಿದರೆ ಪೈಪು ಎಷ್ಟು ಅಂತ ತಡೆದೀತು?

ಇನ್ನು ತಗಡಿನ ಶೆಡ್ಡುಗಳು. ಎಲ್ಲಿ ದೊಡ್ಡ ಅಪಾರ್ಟ್‌ಮೆಂಟ್ ಏಳುತ್ತದೋ ಅದರ ಪಕ್ಕದ ಖಾಲಿ ಜಾಗದಲ್ಲಿ ಶೆಡ್ಡು ಏಳುತ್ತದೆ. ರಾಯಚೂರು, ಯಾದಗಿರಿ, ಕಲಬುರಗಿ ಕಡೆಯವರು, ಒಡಿಶಾ, ಬಂಗಾಳದವರು. ಬ್ಲಾಕಿಗೆ ನಕಾಶೆ ಬರೆಯುವಾಗ ಪಕ್ಕಾ ಮನೆಗೆ ಚೌಕ, ಕಚ್ಚಾ ಮನೆಗೆ ತ್ರಿಕೋನ ಹಾಕುತ್ತೇವೆ. ಶೆಡ್ಡಿಗೂ ಗುರುತು ಹಾಕಿ, ನಂಬರ್ ಕೊಟ್ಟೆ. ಒಳಗಿದ್ದ ಹೆಣ್ಣುಮಗಳು ಮಗುವಿಗೆ ಗಂಜಿ ಕುಡಿಸುತ್ತಾ, 'ನಮ್ದು ಊರಾಗ ಐತ್ರೀ ಅಕ್ಕಾರ, ಇಲ್ಲಿ ಯಾಕ ಬರೀತೀರಿ?' ಅಂದಳು. ಊರಿಗೆ ಹೋಗಿ ಎಷ್ಟು ದಿನ ಆಯಿತು ಅಂತ ಕೇಳಿದರೆ, ಹಿಂದಿನ ವರ್ಷದ ಜಾತ್ರೆಗೆ ಹೋದದ್ದಂತೆ. ಮಗು ಹುಟ್ಟಿದ್ದೇ ಇಲ್ಲಿ. ರೇಷನ್ ಕಾರ್ಡು, ಓಟು ಎರಡೂ ಊರಲ್ಲಿವೆ, ಅದಕ್ಕೇ ಗಣತಿಯೂ ಅಲ್ಲೇ ಅಂತ ಅವಳ ಲೆಕ್ಕ.

ಓದಿದವರೂ ಇದನ್ನೇ ಹೇಳುತ್ತಾರೆ. 'ನನ್ನ ಆಧಾರ್ ಮಂಡ್ಯದ್ದು, ಅಪ್ಪ ಅಲ್ಲಿ ಬರೆಸ್ತಾರೆ' ಅಂತ. ಗಣತಿಗೆ ಆಧಾರ್ ವಿಳಾಸವೂ ಬೇಡ, ಮತದಾರರ ಪಟ್ಟಿಯೂ ಬೇಡ. ನಮಗೆ ತರಬೇತಿಯಲ್ಲಿ ಹೇಳಿಕೊಟ್ಟದ್ದು ಇಷ್ಟು: ಎಣಿಕೆ ನಡೆಯುವ ದಿನಗಳಲ್ಲಿ ನೀವು ಮಾಮೂಲಾಗಿ ಇರುವುದು ಎಲ್ಲೋ ಅಲ್ಲೇ ನಿಮ್ಮ ಲೆಕ್ಕ. 2011ರಲ್ಲಿ ಫೆಬ್ರವರಿ 9ರಿಂದ 28ರವರೆಗೆ ಪೂರ್ತಿ ಊರಲ್ಲಿ ಇಲ್ಲದ ಮಗನನ್ನು ಅಪ್ಪ ಊರಲ್ಲಿ ಬರೆಸುವ ಹಾಗಿರಲಿಲ್ಲ. ಆದರೂ ಬರೆಸಿದರು. ಊರಿನ ಗಣತಿದಾರರಿಗೆ ಬೇಡ ಅನ್ನಲು ಮುಜುಗರ, ಇಲ್ಲಿಯ ಗಣತಿದಾರರಿಗೆ ಬಾಗಿಲು ತೆರೆಯುವವರಿಲ್ಲ. ಊರಲ್ಲೂ ಬರೆಸದೆ, ಇಲ್ಲೂ ಸಿಗದೆ ಹೋದವರೂ ಇದ್ದಾರೆ. ಸೂರಿಲ್ಲದೆ ಮೆಜೆಸ್ಟಿಕ್, ಕೆ.ಆರ್. ಮಾರುಕಟ್ಟೆ, ಮೇಲ್ಸೇತುವೆ ಕೆಳಗೆ ಮಲಗುವವರನ್ನು ಕೊನೆಯ ರಾತ್ರಿ, ಅಂದರೆ ಫೆಬ್ರವರಿ 28ರ ರಾತ್ರಿ, ಹುಡುಕಿ ಎಣಿಸುತ್ತೇವೆ. ಸೂರಿಲ್ಲದವರಿಗೂ ಒಂದು ರಾತ್ರಿ ಮೀಸಲಿಟ್ಟ ವ್ಯವಸ್ಥೆಯಲ್ಲಿ ಸೂರಿನ ಕೆಳಗೆ ಇರುವವರೇ ತಪ್ಪಿಹೋಗುವುದು ನನಗೆ ಬಹಳ ನೋವಿನ ಸಂಗತಿ.

ಇಲ್ಲಿ ಭಾಷೆಯ ವಿಷಯ ಹೇಳಲೇಬೇಕು. 2011ರ ಗಣತಿಯಲ್ಲಿ ಬೆಂಗಳೂರು ನಗರ ಜಿಲ್ಲೆಯಲ್ಲಿ ಕನ್ನಡ ತಾಯಿನುಡಿ ಅಂತ ಬರೆಸಿದವರು ಅರ್ಧಕ್ಕಿಂತ ಕಡಿಮೆ. ತಮಿಳು, ತೆಲುಗು, ಉರ್ದು ಆಮೇಲೆ ಬರುತ್ತವೆ. ಇದನ್ನು ಇಟ್ಟುಕೊಂಡು, 'ಹೊರಗಿನವರನ್ನೆಲ್ಲ ಬರೆದುಕೊಂಡರೆ ಕನ್ನಡದ ಪಾಲು ಇನ್ನೂ ಇಳಿಯುತ್ತದೆ, ಸುಮ್ನೆ ಬಿಡಿ' ಅಂತ ನನ್ನ ಹತ್ತಿರವೇ ಹೇಳಿದವರಿದ್ದಾರೆ. ನಾನು ಕನ್ನಡ ಶಾಲೆಯ ಟೀಚರ್. ಕನ್ನಡದ ಚಿಂತೆ ನನಗೂ ಇದೆ. ಆದರೆ ನಾನು ಕಂಡ ಮಟ್ಟಿಗೆ ಇದು ಉಲ್ಟಾ. 'ನನ್ನನ್ನು ಊರಲ್ಲಿ ಬರೆಸಿಕೊಳ್ತಾರೆ' ಅಂತ ತಪ್ಪಿಸಿಕೊಳ್ಳುವವರಲ್ಲಿ ನಮ್ಮ ಹಾಸನ, ತುಮಕೂರು, ಮಂಡ್ಯ, ಯಾದಗಿರಿಯವರೇ ಜಾಸ್ತಿ. ಊರು ಬಸ್ಸಿನಲ್ಲಿ ಹೆಚ್ಚೆಂದರೆ ಒಂದು ರಾತ್ರಿಯ ದೂರ, ಹಾಗಾಗಿ ಮನಸ್ಸು ಅಲ್ಲೇ. ಬಿಹಾರದಿಂದ ಬಂದು ಮನೆ ಮಾಡಿದವನು ಇಲ್ಲಿ ಬರೆಸುತ್ತಾನೆ, ಅವನಿಗೆ ಊರು ದೂರ. ಪಿಜಿಯಲ್ಲಿರುವ, ಶೆಡ್ಡಿನಲ್ಲಿರುವ ಕನ್ನಡದ ಮಕ್ಕಳು ಬಿಟ್ಟುಹೋದಷ್ಟೂ ಬೆಂಗಳೂರಿನ ಲೆಕ್ಕದಲ್ಲಿ ಕನ್ನಡವೇ ಸೊರಗುತ್ತದೆ.

ಗಣತಿದಾರರಿಗೂ ಒಂದು ಕೋರಿಕೆ. ಯಜಮಾನರ ಭಾಷೆಯನ್ನೇ ಮನೆಯವರಿಗೆಲ್ಲ ಬರೆದುಬಿಡಬೇಡಿ. ಒಂದೇ ಮನೆಯಲ್ಲಿ ಅತ್ತೆಯದು ತೆಲುಗು, ಸೊಸೆಯದು ತುಳು ಆಗಿರಬಹುದು. ಒಬ್ಬೊಬ್ಬರನ್ನೂ ಕೇಳಿ, ಅವರು ಹೇಳಿದ್ದನ್ನು ಬರೆಯಿರಿ. ತಾಯಿನುಡಿ ಅಲ್ಲದೆ ಗೊತ್ತಿರುವ ಇನ್ನೆರಡು ಭಾಷೆ ಯಾವುವು ಅಂತಲೂ 2011ರಲ್ಲಿ ಪ್ರತ್ಯೇಕ ಕಾಲಂ ಇತ್ತು. ಮನೆಯಲ್ಲಿ ತಮಿಳು ಮಾತಾಡಿ ಹೊರಗೆ ಅಚ್ಚ ಕನ್ನಡ ಮಾತಾಡುವ ಶ್ರೀರಾಮಪುರದ ಮಂದಿ ಲೆಕ್ಕಕ್ಕೆ ಬರುವುದು ಆ ಕಾಲಂನಲ್ಲಿ. ಅವಸರದಲ್ಲಿ ಅದನ್ನು ಖಾಲಿ ಬಿಟ್ಟರೆ ಅವರ ಕನ್ನಡಕ್ಕೆ ಬೆಲೆಯೇ ಇಲ್ಲದ ಹಾಗಾಗುತ್ತದೆ.

2025ರಲ್ಲಿ ಹಿಂದುಳಿದ ವರ್ಗಗಳ ಆಯೋಗದ ಸಮೀಕ್ಷೆ ನಡೆದಾಗ ವಿದ್ಯುತ್ ಮೀಟರ್ ಹಿಡಿದು ಮನೆ ಗುರುತು ಮಾಡಿ ಬಾಗಿಲಿಗೆ ಸ್ಟಿಕ್ಕರ್ ಅಂಟಿಸಿದರು. ಹಳ್ಳಿಗೆ ಅದು ಸರಿ. ಬೆಂಗಳೂರಿನ ವಠಾರದಲ್ಲಿ ಒಂದು ಮೀಟರಿನಡಿ ಎಷ್ಟೋ ಒಲೆಗಳು, ಕೆಲವು ಫ್ಲ್ಯಾಟುಗಳಲ್ಲಿ ಮೀಟರ್ ಇದ್ದರೂ ಒಳಗೆ ಯಾರೂ ಇಲ್ಲ. ಜನಗಣತಿಯಲ್ಲಿ ಮೀಟರ್ ನೋಡಿದರೆ ಸಾಲದು, ಒಲೆ ನೋಡಬೇಕು.

ಮನೆಗಣತಿಯ ಹಂತಕ್ಕೆ ಇಟ್ಟಿರುವ ಸಮಯ 2026ರ ಏಪ್ರಿಲ್‌ನಿಂದ ಸೆಪ್ಟೆಂಬರ್. ಜನರನ್ನು ಎಣಿಸುವುದು 2027ರ ಫೆಬ್ರವರಿಯಲ್ಲಿ. ಅಷ್ಟರೊಳಗೆ ಆಗಬೇಕಾದ ಕೆಲವು ಕೆಲಸಗಳಿವೆ. ಅಧಿಕಾರಿಗಳು ಪಿಜಿ ನಡೆಸುವವರನ್ನೂ ಕಟ್ಟಡ ಕಂಟ್ರಾಕ್ಟರುಗಳನ್ನೂ ವಾರ್ಡಿನಲ್ಲೇ ಕರೆದು ಮಾತಾಡಲಿ. 15ನೇ ಸೆಕ್ಷನ್ನಿನಲ್ಲಿ ಏನಿದೆ ಅಂತ ಕನ್ನಡದಲ್ಲಿ, ದೊಡ್ಡ ಅಕ್ಷರದಲ್ಲಿ ಅಚ್ಚು ಹಾಕಿಸಿ ಪಿಜಿ ಬಾಗಿಲಿಗೆ ಅಂಟಿಸಲಿ. ಶೆಡ್ಡುಗಳಿಗೆ ಭಾನುವಾರ ಹೋಗಲಿ, ಬೇರೆ ದಿನ ಅಲ್ಲಿ ಮಕ್ಕಳು ಬಿಟ್ಟರೆ ಯಾರೂ ಸಿಗುವುದಿಲ್ಲ. ಅಪಾರ್ಟ್‌ಮೆಂಟ್ ಸಂಘದವರು ಗುರುತಿನ ಚೀಟಿ ನೋಡಿ ಗಣತಿದಾರರನ್ನು ಒಳಗೆ ಬಿಡಲಿ. ಬಿಸಿಲಲ್ಲಿ ಗೇಟಿನ ಹತ್ತಿರ ಟೀಚರನ್ನು ನಿಲ್ಲಿಸಿ, ಪ್ರತಿ ಫ್ಲ್ಯಾಟಿಗೂ ಫೋನ್ ಮಾಡಿ ಕೇಳುವುದು ಬೇಡ. ರಾತ್ರಿ ಪಾಳಿಯವರು, ಮನೆಗೆ ತಡವಾಗಿ ಬರುವವರು ಈ ಸಲ ಮೊಬೈಲಿನಲ್ಲಿ ತಾವೇ ವಿವರ ತುಂಬಬಹುದು. ತುಂಬಿದ ಮೇಲೆ ಬರುವ ನಂಬರನ್ನು ಗಣತಿದಾರರಿಗೆ ತೋರಿಸಿದರೆ ಆಯಿತು.

ಈ ಪತ್ರ ಓದುವ ಮನೆ ಮಾಲೀಕರು ನಿಮ್ಮ ಬಾಡಿಗೆಯವರಿಗೆ ಈಗಲೇ ಒಂದು ಮಾತು ಹೇಳಿ: 'ಗಣತಿಯವರು ಬಂದಾಗ ಧೈರ್ಯವಾಗಿ ಬರೆಸಿ, ನನ್ನ ಕಡೆಯಿಂದ ಏನೂ ತೊಂದರೆ ಇಲ್ಲ.' ಬಾಡಿಗೆಗೆ ಇರುವವರು ಇವತ್ತು ರಾತ್ರಿ ಊರಿಗೆ ಫೋನ್ ಮಾಡಿದಾಗ ಅಪ್ಪ, ಅಮ್ಮನಿಗೆ ತಿಳಿಸಿಬಿಡಿ: 'ನನ್ನ ಹೆಸರು ಅಲ್ಲಿ ಬರೆಸಬೇಡಿ, ನಾನು ಬೆಂಗಳೂರಲ್ಲೇ ಬರೆಸ್ತೀನಿ.'

ಇಂತಿ,
ಒಬ್ಬ ನಿವೃತ್ತ ಶಿಕ್ಷಕಿ
ಮತ್ತಿಕೆರೆ, ಬೆಂಗಳೂರು