ಕಾಕಟೀಲ್ ಕಾರಿನಲ್ಲಿ: ಹಕ್ಕಿಕಾಳಿನ ಅಣ್ಣಾರಿಗೆ

ಹುಬ್ಬಳ್ಳಿ ದುರ್ಗದಬೈಲಿನ ಹತ್ತಿರ ಹಕ್ಕಿಕಾಳು ತೂಗುತ್ತಲೇ ಕಾಕಟೀಲ್ ಎಂಬ ಜುಟ್ಟಿನ ಸಣ್ಣ ಗಿಳಿಯನ್ನು ಕಾರಿನಲ್ಲಿ ಒಯ್ಯುವ ಬೆಂಗಳೂರು ದಾರಿಗೆ ಬುದ್ಧಿ ಹೇಳಿದ ಅಣ್ಣಾರ, ನಿಮಗೆ ಶರಣು. "ದೊಡ್ಡ ಪಂಜರ ಬ್ಯಾಡ್ರಿ, ಬ್ರೇಕ್ ಹೊಡದ್ರ ಹಕ್ಕಿ ಸರಳಿಗೆ ಬಡ್ಕೊಂತೈತಿ" ಅಂದಿರಿ. ಸಣ್ಣ ಪಂಜರ, ಹಿಂದಿನ ಸೀಟು, ಬೆಲ್ಟಿನ ಬಿಗಿ. ಜೋಕಾಲಿ, ಗಂಟೆ ಹೊರಗೆ; ಕೂರುವ ಕೋಲು ಬಾಲ ನೆಲಕ್ಕೆ ತಾಗದಷ್ಟೇ ಎತ್ತರ. ಮೂರು ಬದಿಗೆ ಹತ್ತಿಬಟ್ಟೆ. ನೀರಿನ ಬಟ್ಟಲು ತುಳುಕಿ ಮೈ ತೊಯ್ದರೆ ಎಸಿ ಗಾಳಿಗೆ ಥಂಡಿ; ಅದಕ್ಕೇ ಓಡುವಾಗ ಸೌತೆಕಾಯಿ ಹೋಳು, ನವಣೆ ತೆನೆ, ಎರಡು ತಾಸಿಗೊಮ್ಮೆ ನಿಲ್ಲಿಸಿ ನೀರು. ಕಾರಿನ ಸೆಂಟಿನ ಡಬ್ಬಿ ಮುಂಚೆಯೇ ತೆಗೆಸಿದ್ದು ಎಲ್ಲಕ್ಕಿಂತ ದೊಡ್ಡ ಮಾತು, ಹಕ್ಕಿಯ ಶ್ವಾಸಕೋಶ ಆ ವಾಸನೆ ತಾಳದು. ಹಾವೇರಿಯಲ್ಲಿ ಚಹಾಕ್ಕೆ ಇಳಿದರೂ ಒಬ್ಬರು ಎಸಿ ಹಾಕಿಕೊಂಡು ಒಳಗೇ ಇರಬೇಕು. ಬಿಸಿಲಲ್ಲಿ ಮುಚ್ಚಿದ ಕಾರು ಕಾದ ಹಂಚು. ಕೊಕ್ಕು ತೆರೆದು, ರೆಕ್ಕೆ ಅಗಲಿಸಿ ಏದುಸಿರು ಬಿಟ್ಟರೆ ಅದು ಸೆಕೆಯ ಗುರುತು ಅಂತ ತೋರಿಸಿಕೊಟ್ಟವರೂ ನೀವೇ.