ತೋಟದ ಪಹಣಿ, ಉಯಿಲು ಮತ್ತು ಅತ್ತಿಗೆ: ಗೆಳೆಯನಿಗೊಂದು ಪತ್ರ

ಕಾರವಾರ

ಗೆಳೆಯಾ,

ಮೊನ್ನೆ ಫೋನಿನಲ್ಲಿ ಉಯಿಲಿನ ಮಾತು ತೆಗೆದರೆ, "ಈಗಲೇ ಎಂತಕ್ಕೆ ಮಾರಾಯಾ" ಅಂತ ಬಾಯಿ ಮುಚ್ಚಿಸಿಬಿಟ್ಟೆ. ನನಗೆ ಸಮಾಧಾನ ಇಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ತೋಟದ್ದು. ಅಪ್ಪಯ್ಯ ತೀರಿಕೊಂಡು ಎಷ್ಟೋ ವರ್ಷವಾದರೂ ಪಹಣಿ ಇನ್ನೂ ಅವರ ಹೆಸರಲ್ಲೇ ಇದೆ. ಮರಣ ಪ್ರಮಾಣಪತ್ರ, ವಂಶವೃಕ್ಷ ಹಿಡಿದು ಪೌತಿ ಖಾತೆಗೆ, ಅಂದರೆ ಜಮೀನನ್ನು ವಾರಸುದಾರರ ಹೆಸರಿಗೆ ಮಾಡಿಸಿಕೊಳ್ಳಲು, ಅರ್ಜಿ ಹಾಕು. ವಂಶವೃಕ್ಷದಲ್ಲಿ ಹುಬ್ಬಳ್ಳಿ ತಂಗಿಯ ಹೆಸರು ಬಿಡಬೇಡ. 'ಮದುವೆ ಮಾಡಿಕೊಟ್ಟಾಯಿತಲ್ಲ' ಎನ್ನುವ ಮಾತು ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿಯ ಮೇಲೆ ನಡೆಯುವುದಿಲ್ಲ. ಪಿತ್ರಾರ್ಜಿತದಲ್ಲಿ ಮಗಳಿಗೂ ಮಗನಷ್ಟೇ ಹಕ್ಕು. ಕಾನೂನು ಹಾಗಿರಲಿ, ಅಪ್ಪಯ್ಯ ಹಾಸಿಗೆ ಹಿಡಿದಾಗ ಮಕ್ಕಳ ಪರೀಕ್ಷೆಯನ್ನೂ ಬಿಟ್ಟು ಬಂದು ಗಂಜಿ ಕುಡಿಸಿದವಳು ಅವಳು. ಎದುರು ಕೂರಿಸಿಕೊಂಡು ಹಿಸೆ ಮಾತಾಡು. ಇವತ್ತು ಜಗಲಿಯಲ್ಲಿ ಮುಗಿಯುವುದು ನಾಳೆ ನಿಮ್ಮ ಮಕ್ಕಳನ್ನು ಕೋರ್ಟಿಗೆ ಅಲೆಸುವುದು ಬೇಡ.

ಉಯಿಲಿಗೆ ಛಾಪಾ ಕಾಗದ ಬೇಕಿಲ್ಲ, ಬಿಳಿ ಹಾಳೆ ಸಾಕು. ನಿನ್ನ ಸಹಿ, ಅದನ್ನು ನೋಡಿದ ಇಬ್ಬರು ಸಾಕ್ಷಿಗಳ ಸಹಿ. ನೋಂದಣಿ ಕಡ್ಡಾಯವಲ್ಲ, ಆದರೂ ಮಾಡಿಸಿಬಿಡು. ಪಿತ್ರಾರ್ಜಿತದಲ್ಲಿ ನಿನ್ನ ಪಾಲಿಗೆ ಬಂದದ್ದನ್ನಷ್ಟೇ ಬರೆಯಬಹುದು, ನೆನಪಿರಲಿ. ಸಾಕ್ಷಿಗೆ ಪಾಲುದಾರರಲ್ಲದ, ನಮಗಿಂತ ಚಿಕ್ಕವರನ್ನು ಕರೆ. ನಾನೇ ಬರುತ್ತಿದ್ದೆ, ಆದರೆ ನಮ್ಮಿಬ್ಬರದೂ ಒಂದೇ ವಯಸ್ಸಲ್ಲವೇ?

'ಠೇವಣಿಗೆ ನಾಮಿನಿ ಮಾಡಿದ್ದೇನೆ' ಅಂದೆ. ಅಂಕೋಲೆಯ ನಮ್ಮ ನೆಂಟರ ಮನೆಯಲ್ಲಿ ನಾಮಿನಿಯಾಗಿದ್ದ ದೊಡ್ಡ ಮಗ ದುಡ್ಡೆಲ್ಲ ತನ್ನದೇ ಅಂದುಕೊಂಡ. ಬ್ಯಾಂಕು ನಾಮಿನಿಯ ಕೈಗೆ ಹಣ ಕೊಡುತ್ತದೆ ನಿಜ, ಆದರೆ ಅದು ವಾರಸುದಾರರಿಗೆ ಸೇರಿದ್ದು. ಈಗ ಅಣ್ಣ-ತಮ್ಮಂದಿರು ಅಮ್ಮನ ತಿಥಿಯನ್ನೂ ಬೇರೆ ಬೇರೆ ಮಾಡುತ್ತಾರೆ. ಇದನ್ನು ನೋಡಿದ ಮೇಲೆ ನನಗೆ ಸುಮ್ಮನಿರಲಾಗಲಿಲ್ಲ.

ಎಲ್ಲಕ್ಕಿಂತ ಹೆಚ್ಚು ನನ್ನನ್ನು ಕಾಡುವುದು ಅತ್ತಿಗೆಯ ವಿಷಯ. ಯಾವ ಸೊಸೈಟಿಯಲ್ಲಿ ಷೇರಿದೆ, ಬೆಳೆಸಾಲ ಎಷ್ಟು ಬಾಕಿ, ಎಲ್‌ಐಸಿ ಬಾಂಡು ಎಲ್ಲಿದೆ, ಅವರಿಗೆ ಒಂದೂ ಗೊತ್ತಿಲ್ಲ. ನಮ್ಮ ಮನೆಯಲ್ಲಿ ಒಂದು ನೋಟ್‌ಬುಕ್ಕಿಗೆ ಎಲ್ಲ ಇಳಿಸಿದ್ದೇವೆ. ನಾನು ಹೇಳಿದೆ, ಇವಳು ಬರೆದಳು. ಬರೆಯುತ್ತಾ ನಾನು ಮರೆತಿದ್ದ ಪೋಸ್ಟಾಫೀಸಿನ ಒಂದು ಆರ್‌ಡಿಯನ್ನೂ ನೆನಪಿಸಿದಳು. ಅತ್ತಿಗೆಯ ಕೈಯಲ್ಲೇ ಬರೆಸು.

ಮುಂದಿನ ವಾರ ದೇವಿಮನೆ ಘಟ್ಟ ಹತ್ತಿ ಬರುತ್ತೇನೆ. ಪಹಣಿ, ಪಾಸ್‌ಬುಕ್ಕು ತೆಗೆದಿಡು. ತಂಗಿಗೆ ಇವತ್ತೇ ಫೋನ್ ಮಾಡು.

ನಿನ್ನವ