ಮಗಳಿಗೊಂದು ಪತ್ರ: ನಿನ್ನ ನೆಲಮಾಳಿಗೆಗೆ ಗಾಳಿ ಎಲ್ಲಿಂದ ಬರುತ್ತದೆ?

ಪ್ರೀತಿಯ ಮಗಳೇ,

ಶಾಲಾ ಕಲೋತ್ಸವದ ಕಥಾರಚನೆ ಸ್ಪರ್ಧೆಗೆಂದು ನೀನು ಬರೆದು ಅಭ್ಯಾಸ ಮಾಡಿದ ಕಥೆಯನ್ನು ಓದಿದೆ. ಅಮ್ಮನೂ ಓದಿದಳು. ಓದಿದ ಮೇಲೆ ಏನೂ ಹೇಳದೆ ಅಕ್ಕನಿಗೆ ಗಂಜಿ ಕುಡಿಸಲು ಎದ್ದು ಹೋದಳು. ಫೋನಿನಲ್ಲಿ ಮಾತನಾಡಿದರೆ ನೀನು "ಸರಿ ಅಪ್ಪ" ಎಂದು ಮಾತು ಮುಗಿಸಿಬಿಡುತ್ತೀಯೆ. ನನಗೆ ಹೇಳಲು ತುಂಬಾ ಇದೆ. ಆದ್ದರಿಂದ ಬರೆಯುತ್ತಿದ್ದೇನೆ. ಓದಲೆಂದು ನೀನು ಉಳಿದಿರುವ ಅತ್ತೆಯ ಮನೆಯಲ್ಲಿ ಪುರುಸೊತ್ತಾದಾಗ ನಿಧಾನವಾಗಿ ಓದು.

ನಿನ್ನ ಕಥೆಯಲ್ಲಿ ಹೆಸರಿಲ್ಲದ ಒಂದು ದೇಶ. ಯುದ್ಧ. ಊರಿನಿಂದ ದೂರದಲ್ಲಿ ನೆಲದಡಿಯ ಒಂದು ಆಶ್ರಯ, ಅದಕ್ಕೆ ಕಬ್ಬಿಣದ ಬಾಗಿಲು. ಒಳಗೆ ಏಳು ವರ್ಷದ ಹುಡುಗಿ, ಅವಳ ಮನೆಯವರು, ನೆರೆಯವರು. ಪ್ರತಿ ರಾತ್ರಿ ಸೈರನ್ ಕೂಗುತ್ತದೆ, ದೀಪ ಆರುತ್ತದೆ, ಒಳಗಿದ್ದವರು ಒಬ್ಬೊಬ್ಬರಾಗಿ ಸಾಯುತ್ತಾರೆ. ಬೆಳಗ್ಗೆ ಎಲ್ಲರೂ ಏನೂ ಆಗದವರಂತೆ ಎದ್ದು ಚಹಾ ಕುಡಿಯುತ್ತಾರೆ. ರಾತ್ರಿ ನಡೆದದ್ದು ನೆನಪಿರುವುದು ಅವಳೊಬ್ಬಳಿಗೆ. ಒಂದು ದಿನ ಅವಳು ನೀರು ತುಂಬಿಡುತ್ತಾಳೆ, ಇನ್ನೊಂದು ದಿನ ಬೆಂಕಿಪೆಟ್ಟಿಗೆಯನ್ನು ಲಂಗದಲ್ಲಿ ಕಟ್ಟಿಕೊಳ್ಳುತ್ತಾಳೆ, ಮತ್ತೊಂದು ದಿನ ನಿದ್ದೆಯನ್ನೇ ಮಾಡುವುದಿಲ್ಲ. ರಾತ್ರಿ ಮಾತ್ರ ಅದೇ ರಾತ್ರಿ. ಕೊನೆಯ ಸಾಲು: "ನಾನು ಇನ್ನೂ ಸ್ವಲ್ಪ ಬೇಗ ಎದ್ದಿರಬೇಕಿತ್ತು."

ನಿನ್ನ ಬರವಣಿಗೆ ಚೆನ್ನಾಗಿದೆ. ಗೋಡೆಯ ತೇವಕ್ಕೆ ಅಂಗೈ ಒತ್ತಿ ಆ ಹುಡುಗಿ ತಂಪು ಮಾಡಿಕೊಳ್ಳುವ ಜಾಗವನ್ನು ಎರಡು ಸಲ ಓದಿದೆ. ಚಿಕ್ಕಂದಿನಲ್ಲಿ, ನೀರಿಗಾಗಿ ಗುಡ್ಡಕ್ಕೆ ಕೊರೆದ ನಮ್ಮ ಸುರಂಗದೊಳಗೆ ನೀನು ಹಾಗೆಯೇ ಕೈ ಇಡುತ್ತಿದ್ದೆ. ಕಥೆ ದುಃಖದ್ದಾಯಿತು ಎಂಬ ತಕರಾರು ನನಗಿಲ್ಲ. ತೀರ್ಪುಗಾರರು ಏನು ಹೇಳುತ್ತಾರೋ ಅದು ಅವರಿಗೆ ಬಿಟ್ಟದ್ದು. ಸುರಂಗ ಕೊರೆಯುವವನ ಮಗನಾಗಿ ನನಗೆ ಮೊದಲು ಹುಟ್ಟಿದ ಪ್ರಶ್ನೆ ಬೇರೆಯೇ: ಅಷ್ಟು ಜನ ಅಷ್ಟು ದಿನ ಒಳಗಿದ್ದಾರಲ್ಲ, ಅವರಿಗೆ ಗಾಳಿ ಎಲ್ಲಿಂದ ಬರುತ್ತದೆ?

ಇದು ಸಣ್ಣ ಪ್ರಶ್ನೆ ಅಲ್ಲ. ನಿನ್ನ ಅಜ್ಜ ಮುರಕಲ್ಲಿನ ಗುಡ್ಡಕ್ಕೆ ಪಿಕ್ಕಾಸು ಹಾಕುವ ಮೊದಲು ನೀರಿನಷ್ಟೇ ಗಾಳಿಯ ಬಗ್ಗೆಯೂ ಯೋಚಿಸುತ್ತಿದ್ದರು. ಸುರಂಗವೆಂದರೆ ಒಬ್ಬ ಮನುಷ್ಯ ಬಗ್ಗಿ ನಡೆಯುವಷ್ಟು ಎತ್ತರ, ಎರಡೂ ಭುಜ ಹಿಡಿಸುವಷ್ಟು ಅಗಲ. ಉದ್ದವನ್ನು ಕೋಲಿನಲ್ಲಿ ಅಳೆಯುತ್ತಾರೆ, ಒಂದು ಕೋಲೆಂದರೆ ಸುಮಾರು ಎರಡೂವರೆ ಅಡಿ. ಇಪ್ಪತ್ತು ಮೂವತ್ತು ಕೋಲು ಒಳಗೆ ಹೋದ ಮೇಲೆ ಉಸಿರು ಭಾರವಾಗುತ್ತದೆ. ಅಜ್ಜ ಪಕ್ಕದಲ್ಲಿ ದೀಪ ಇಟ್ಟುಕೊಳ್ಳುತ್ತಿದ್ದದ್ದು ಬೆಳಕಿಗೆ ಮಾತ್ರವಲ್ಲ. ಜ್ವಾಲೆ ಕುಗ್ಗಿದರೆ ಅರ್ಧಕ್ಕೆ ಎತ್ತಿದ ಪಿಕ್ಕಾಸನ್ನು ಅಲ್ಲಿಯೇ ಬಿಟ್ಟು ಹೊರಗೆ ಬರಬೇಕು. ಆ ವಿಷಯದಲ್ಲಿ ಅವರು ಧೈರ್ಯ ತೋರಿಸುತ್ತಿರಲಿಲ್ಲ. ಹೆಚ್ಚು ಉದ್ದದ ಸುರಂಗವಾದರೆ ಗುಡ್ಡದ ಮೇಲಿನಿಂದ ನೇರ ಕೆಳಗೆ ಗಾಳಿಬಾವಿ ಇಳಿಸುತ್ತಾರೆ. ಕೆಲವರು ಬಾಯಿಯ ಹತ್ತಿರ ಕನ್ನಡಿ ಹಿಡಿದು ಬಿಸಿಲನ್ನು ಒಳಗೆ ಹಾಯಿಸುತ್ತಾರೆ. ಅಜ್ಜ ಅಗೆಯುವಾಗ ಬುಟ್ಟಿಯಲ್ಲಿ ಮಣ್ಣು ಹೊರಗೆ ಹಾಕುತ್ತಿದ್ದವನು ನಾನು. ಬುಟ್ಟಿ ತೆಗೆದುಕೊಳ್ಳಲು ಹೋದಾಗಲೆಲ್ಲ ಅವರು ಒಂದು ಮಾತು ಆಡಿಸುತ್ತಿದ್ದರು. ನನ್ನ ದನಿ ಅವರಿಗೆ, ಅವರ ದನಿ ನನಗೆ ಕೇಳಬೇಕು, ಅಷ್ಟೇ.

ನಿನ್ನ ನೆಲಮಾಳಿಗೆಯಲ್ಲಿ ಜನ ಬದುಕಿದ್ದಾರೆಂದರೆ ಎಲ್ಲೋ ಒಂದು ಕಿಂಡಿ ಇರಲೇಬೇಕು. ಗಾಳಿ ಬರುವ ಕಿಂಡಿಯಿಂದ ದನಿಯೂ ಹೊರಗೆ ಹೋಗುತ್ತದೆ. ಹಾಗಾದರೆ ಕೇಳಿಸಿಕೊಳ್ಳಬೇಕಾದವರು ಎಲ್ಲಿದ್ದಾರೆ? ಕಥೆಯ ತುಂಬ ಒಳಗಿನ ಹುಡುಗಿಯೇ ಓಡಾಡುತ್ತಾಳೆ. ಹೊರಗಿನವರ ಬಗ್ಗೆ ಒಂದು ಸಾಲೂ ಇಲ್ಲ. ಒಳಗಿನ ದೊಡ್ಡವರೂ ಬರೀ ಚಹಾ ಕುಡಿಯುತ್ತಾರೆ, ಸಾಯುತ್ತಾರೆ.

ನೀನು ಅಮೈ ಮಹಾಲಿಂಗ ನಾಯ್ಕರ ಹೆಸರು ಎತ್ತುತ್ತೀಯೆಂದು ಗೊತ್ತು. ನಮ್ಮ ಗಡಿಯಾಚೆ, ಕರ್ನಾಟಕದ ಅಡ್ಯನಡ್ಕದ ಹತ್ತಿರ ಕೂಲಿ ಮುಗಿಸಿ ಬಂದು ರಾತ್ರಿ ದೀಪದ ಬೆಳಕಿನಲ್ಲಿ ಒಬ್ಬರೇ ಗುಡ್ಡ ಕೊರೆದವರು. ತೆಗೆದ ಸುರಂಗಗಳು ಒಂದಾದ ಮೇಲೊಂದು ಒಣಗಿಯೇ ಉಳಿದರೂ ಬಿಡದೆ ನೀರು ಕಂಡವರು. 2022ರಲ್ಲಿ ಪದ್ಮಶ್ರೀ ಬಂತು. ಅವರ ಬಗ್ಗೆ ನನಗಿರುವ ಗೌರವ ನಿನಗೆ ಗೊತ್ತಿದೆ. ಆದರೆ ಅವರು ತಾವಾಗಿಯೇ ಒಳಗೆ ಹೋದವರು, ವಯಸ್ಸಿಗೆ ಬಂದವರು. ಸುರಂಗದ ಬಾಯಿ ಅವರ ಬೆನ್ನಿಗೆ ತೆರೆದೇ ಇತ್ತು. ದಣಿದರೆ ಮನೆಗೆ ಹೋಗಿ ಮಲಗುತ್ತಿದ್ದರು. ಏಳು ವರ್ಷದ ಮಗುವನ್ನು ಬಾಗಿಲು ಮುಚ್ಚಿದ ಗುಹೆಯಲ್ಲಿಟ್ಟು ಅದೇ ಛಲವನ್ನು ಅವಳಿಂದ ಕೇಳುವುದು ನ್ಯಾಯವೇ?

ಕಥೆಯನ್ನು ಓದಿದ ಮೇಲೆ ನಿಜವಾದ ನೆಲಮಾಳಿಗೆಗಳ ಬಗ್ಗೆ ಸಿಕ್ಕಿದ್ದನ್ನೆಲ್ಲ ಹುಡುಕಿ ಓದಿದೆ. ಉಕ್ರೇನಿನ ಚೆರ್ನಿಹಿವ್ ಪ್ರಾಂತ್ಯದಲ್ಲಿ ಯಾಹಿದ್ನೆ ಎಂಬ ಸಣ್ಣ ಹಳ್ಳಿಯಿದೆ. 2022ರ ಮಾರ್ಚ್ ತಿಂಗಳಿನಲ್ಲಿ ರಷ್ಯದ ಸೈನಿಕರು ಹೆಚ್ಚುಕಡಿಮೆ ಇಡೀ ಊರನ್ನೇ, 300ಕ್ಕೂ ಹೆಚ್ಚು ಜನರನ್ನು, ಶಾಲೆಯ ನೆಲಮಾಳಿಗೆಗೆ ತುಂಬಿದರು. ಮೇಲಿನ ಶಾಲೆಯಲ್ಲಿ ಸೈನಿಕರ ಠಾಣೆ, ಕೆಳಗೆ ಊರಿನ ಜನ. ಅವರಲ್ಲಿ ಹಸುಗೂಸುಗಳೂ ಇದ್ದವು. ಸುಮಾರು ನಾಲ್ಕು ವಾರ ಅಲ್ಲಿಯೇ. ಮಲಗಲು ಜಾಗವಿಲ್ಲದೆ ಕುಳಿತೇ ನಿದ್ದೆ ಮಾಡಿದರು. ಗಾಳಿ ಸಾಲದೆ ವಯಸ್ಸಾದವರು ಒಬ್ಬೊಬ್ಬರಾಗಿ ತೀರಿಕೊಂಡರು. ಸತ್ತವರನ್ನು ಕೂಡಲೇ ಹೊರಗೆ ಒಯ್ಯಲೂ ಬಿಡುತ್ತಿರಲಿಲ್ಲ. ಮಕ್ಕಳು ಆ ದೇಹಗಳ ಪಕ್ಕದಲ್ಲಿಯೇ ಇರಬೇಕಾಯಿತು. ನೋಡು, ನೀನು ಕಲ್ಪನೆಯೆಂದು ಬರೆದದ್ದು ಅಲ್ಲಿ ನಡೆದು ಹೋಗಿದೆ. ರಾತ್ರಿ ಕಳೆದರೆ ಮತ್ತೆ ಅದೇ ರಾತ್ರಿ.

ಅಲ್ಲಿ ಯಾರೋ ಗೋಡೆಯ ಮೇಲೆ ಕ್ಯಾಲೆಂಡರ್ ಬರೆದಿದ್ದಾರೆ. ಬಾಗಿಲಿನ ಒಂದು ಪಕ್ಕದಲ್ಲಿ ಸೈನಿಕರು ಕೊಂದವರ ಹೆಸರುಗಳು, ಇನ್ನೊಂದು ಪಕ್ಕದಲ್ಲಿ ಒಳಗೆ ತೀರಿಕೊಂಡವರ ಹೆಸರುಗಳು. ಗೋಡೆಗಳಲ್ಲಿ ಮಕ್ಕಳ ಚಿತ್ರಗಳೂ ಇವೆ. ಅಂದರೆ ಲೆಕ್ಕ ಇಡುವ ಕೆಲಸವನ್ನು ದೊಡ್ಡವರು ತೆಗೆದುಕೊಂಡಿದ್ದರು, ಮಕ್ಕಳ ಕೈಗೆ ಬಣ್ಣ ಸಿಕ್ಕಿತ್ತು. ಇದನ್ನು ಓದಿ ನಾನು ಬಹಳ ಹೊತ್ತು ಸುಮ್ಮನೆ ಕುಳಿತೆ. ಉಸಿರಾಡಲು ಗಾಳಿಯಿಲ್ಲದ ಕಡೆಯೂ ಕೆಲಸವನ್ನು ಹಾಗೆ ಹಂಚಿಕೊಳ್ಳಲು ಸಾಧ್ಯವಾಗಿದೆ.

ಉಕ್ರೇನಿನಲ್ಲಿಯೇ ರಷ್ಯದ ಗಡಿಗೆ ಹತ್ತಿರದ ಹಾರ್ಕಿವ್ ನಗರದಲ್ಲಿ ಕ್ಷಿಪಣಿ ಒಂದು ನಿಮಿಷದೊಳಗೆ ಬಂದು ಬೀಳುತ್ತದೆ, ಸೈರನ್ ಕೂಗುವಷ್ಟು ಹೊತ್ತೂ ಸಿಗದಿರಬಹುದು. ಅಲ್ಲಿ 2023ರಿಂದ ಮೆಟ್ರೋ ನಿಲ್ದಾಣಗಳೊಳಗೆ ತರಗತಿಗಳು ನಡೆದವು. 2024ರಲ್ಲಿ ನೆಲದಡಿಯಲ್ಲಿಯೇ ಒಂದು ಶಾಲೆ ಕಟ್ಟಿದರು. ನಮ್ಮ ದೇಶದಲ್ಲಿಯೂ ಜಮ್ಮುವಿನ ಗಡಿಯ ಹಳ್ಳಿಗಳಿಗೆ 14,000ಕ್ಕೂ ಹೆಚ್ಚು ಬಂಕರುಗಳು ಮಂಜೂರಾಗಿದ್ದವು. ಆದರೂ 2025ರ ಮೇ ತಿಂಗಳಿನಲ್ಲಿ ಪೂಂಛ್ ಮೇಲೆ ಶೆಲ್ ಬಿದ್ದಾಗ ಮಕ್ಕಳೂ ಸತ್ತರು. ನಿನಗಿಂತ ಚಿಕ್ಕವರು. ಬೇಗ ಏಳದೆ ಇದ್ದದ್ದರಿಂದ ಅವರು ಸತ್ತರೆಂದು ಯಾರಾದರೂ ಹೇಳಲು ಸಾಧ್ಯವೇ?

ಈಗ ನಮ್ಮ ಊರಿನ ಮಾತಿಗೆ ಬರುತ್ತೇನೆ. ನಿನ್ನ ಕಥೆಯ ಹುಟ್ಟು ಯುದ್ಧದಲ್ಲಿಲ್ಲವೆಂದು ನನಗೂ ಅಮ್ಮನಿಗೂ ಓದುತ್ತಿದ್ದಂತೆಯೇ ಗೊತ್ತಾಯಿತು.

ನಾನು ಶಾಲೆಗೆ ಹೋಗುತ್ತಿದ್ದ ಕಾಲದಲ್ಲಿ ನಮ್ಮ ಕಾಸರಗೋಡು ಜಿಲ್ಲೆಯ ಎಣ್ಮಕಜೆಯ ಗುಡ್ಡಗಳ ಮೇಲೆ ಹೆಲಿಕಾಪ್ಟರ್ ಬರುತ್ತಿತ್ತು. ಗೇರುತೋಟಕ್ಕೆ ಎಂಡೋಸಲ್ಫಾನ್ ಎಂಬ ಕೀಟನಾಶಕ ಚೆಲ್ಲಲು. ಎಪ್ಪತ್ತರ ದಶಕದ ಕೊನೆಯಲ್ಲಿ ಶುರುವಾದದ್ದು 2000ದವರೆಗೆ ವರ್ಷಕ್ಕೆ ಎರಡು ಮೂರು ಬಾರಿ ನಡೆಯಿತು. ನಾವು ಮಕ್ಕಳು ಅಂಗಳಕ್ಕೆ ಓಡಿ ಕೈ ಬೀಸುತ್ತಿದ್ದೆವು. ಬಾವಿಗಳನ್ನು ಮುಚ್ಚಿಡಿ ಎಂದು ಹೇಳುತ್ತಿದ್ದರು. ಸುರಂಗದಿಂದ ಹರಿದು ಬಯಲಿನ ಮಣ್ಣಿನ ಕೆರೆಗೆ ಬೀಳುವ ನೀರನ್ನು ಏನಿಟ್ಟು ಮುಚ್ಚುವುದು? ಅಜ್ಜ ಹಸುರು ಸೊಪ್ಪು ಹಾಸಿ ನೋಡಿದರು, ತೆಂಗಿನ ಮಡಲು ಹೊದಿಸಿ ನೋಡಿದರು. ಮುಂದಿನ ವರ್ಷ ಮತ್ತೆ ಅದೇ ಸದ್ದು, ಅದೇ ವಾಸನೆ. ಜೇನು ಸಾಯುತ್ತಿತ್ತು, ತೋಡಿನ ಮೀನು ತೇಲುತ್ತಿತ್ತು, ಮನೆಮನೆಯಲ್ಲಿ ಮಕ್ಕಳು ನಿನ್ನ ಅಕ್ಕನ ಹಾಗೆ ಕಾಯಿಲೆ ಹೊತ್ತು ಹುಟ್ಟುತ್ತಿದ್ದರು. ಎಲ್ಲವೂ ಒಂದೇ ಕಾಯಿಲೆಯ ಎಳೆಗಳೆಂದು ಯಾರಿಗೂ ತೋಚಿರಲಿಲ್ಲ. ಮಡಲನ್ನು ಇನ್ನಷ್ಟು ದಪ್ಪಗೆ ಹೊದಿಸಬೇಕಿತ್ತೆಂದು ಅಜ್ಜ ಕೊನೆಯವರೆಗೂ ಹೇಳುತ್ತಿದ್ದರು. ಎಷ್ಟು ದಪ್ಪ ಹೊದಿಸಿದರೂ ಆಕಾಶದಿಂದ ಬೀಳುವುದು ನಿಲ್ಲುತ್ತಿರಲಿಲ್ಲ.

ಅದು ನಿಂತದ್ದು ಹೊರಗಿನಿಂದ. ವಾಣಿನಗರದ ವೈದ್ಯ ವೈ. ಎಸ್. ಮೋಹನ್ ಕುಮಾರ್ ತಮ್ಮಲ್ಲಿಗೆ ಬರುವ ರೋಗಿಗಳನ್ನು ನೋಡುತ್ತಾ ಇದು ಸಹಜವಲ್ಲವೆಂದು ಬರೆದರು. ಪತ್ರಕರ್ತ ಶ್ರೀಪಡ್ರೆಯವರು ಅದನ್ನು ಜಗತ್ತಿಗೆ ತಿಳಿಸಿದರು. ಪೆರಿಯದಲ್ಲಿ ಕೃಷಿ ಇಲಾಖೆಯ ಕೆಲಸದಲ್ಲಿದ್ದ ಲೀಲಾಕುಮಾರಿ ಅಮ್ಮ 1998ರಲ್ಲಿ ನಮ್ಮ ಜಿಲ್ಲೆಯ ಹೊಸದುರ್ಗದ ನ್ಯಾಯಾಲಯಕ್ಕೆ ಹೋದರು. ಹೆಲಿಕಾಪ್ಟರ್ ನಿಂತಿತು. 2011ರಲ್ಲಿ ಸುಪ್ರೀಂ ಕೋರ್ಟ್ ಇಡೀ ದೇಶದಲ್ಲಿ ಆ ವಿಷವನ್ನು ತಡೆಯಿತು, 2017ರಲ್ಲಿ ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಕೊಡಬೇಕೆಂದಿತು. ಆ ಹಣಕ್ಕಾಗಿ ತಾಯಂದಿರು ಮಕ್ಕಳನ್ನು ಎತ್ತಿಕೊಂಡು ತಿರುವನಂತಪುರದ ಬೀದಿಯಲ್ಲಿ ಕುಳಿತದ್ದು ಬೇರೆಯೇ ದೊಡ್ಡ ಕಥೆ. ಹೆಲಿಕಾಪ್ಟರ್ ನಿಂತ ವರ್ಷವೇ ನಿನ್ನ ಅಕ್ಕ ಹುಟ್ಟಿದಳು.

ನಿನಗೆ ತಿಳಿವಳಿಕೆ ಬಂದಾಗಿನಿಂದ ನೀನು ಅವಳ ಪಕ್ಕದಲ್ಲಿಯೇ ಮಲಗಿದ್ದೀಯೆ. ಫಿಟ್ಸ್ ಬರುವ ಮೊದಲು ಅವಳ ಬೆರಳು ನಡುಗುವುದನ್ನು ನಮ್ಮೆಲ್ಲರಿಗಿಂತ ಮೊದಲು ಗುರುತಿಸಿದವಳು ನೀನು. ಅವಳನ್ನು ಮಗ್ಗುಲಿಗೆ ಹೊರಳಿಸುವುದು, ಬಾಯಿಗೆ ಏನನ್ನೂ ತುರುಕದೆ ಇರುವುದು, ಗಡಿಯಾರ ನೋಡುವುದು, ಎಲ್ಲವನ್ನೂ ವಿಶೇಷ ಮಕ್ಕಳ ಬಡ್ಸ್ ಶಾಲೆಯ ಟೀಚರಿಂದ ಕೇಳಿ ಕಲಿತೆ. ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಪೆನ್ಸಿಲ್ ಗುರುತುಗಳು ನಿನ್ನವೇ. ಡಾಕ್ಟರಿಗೆ ಅವುಗಳಿಂದ ಉಪಕಾರವಾಗಿದೆ, ಮಾತ್ರೆಯ ಪ್ರಮಾಣವನ್ನು ಅವುಗಳನ್ನು ನೋಡಿಯೇ ಬದಲಾಯಿಸಿದರು. ಆದರೆ ಕಳೆದ ಮಳೆಗಾಲದ ಆ ಕೆಟ್ಟ ರಾತ್ರಿ, ಅಕ್ಕನನ್ನು ಆಸ್ಪತ್ರೆಗೆ ಒಯ್ಯುವಾಗ ಜೀಪಿನಲ್ಲಿ ನೀನು ಹೇಳಿದ ಮಾತು ನಿನ್ನ ಕಥೆಯ ಕೊನೆಯ ಸಾಲೇ ಆಗಿತ್ತು. ಅಕ್ಷರವೂ ಬದಲಾಗಿಲ್ಲ.

ಮಗಳೇ, ಅಕ್ಕನ ಮೆದುಳಿನಲ್ಲಿ ಏಳುವ ಬಿರುಗಾಳಿ ನೀನು ಎಚ್ಚರವಾಗಿದ್ದರೂ ಏಳುತ್ತದೆ, ಮಲಗಿದ್ದರೂ ಏಳುತ್ತದೆ. ನೀನು ಬೇಗ ಎದ್ದ ರಾತ್ರಿಗಳಲ್ಲಿಯೂ ಬಂದಿದೆ. ನೀನು ಕಾಸರಗೋಡಿನಲ್ಲಿರುವಾಗ ಮೂರು ವಾರ ಬಾರದೆ ಇದ್ದದ್ದೂ ಇದೆ. ಅದು ನಿನ್ನ ನಿದ್ದೆಯನ್ನು ಕೇಳಿ ಬರುವುದಿಲ್ಲ. ಅವಳನ್ನು ನೀನು ಪ್ರೀತಿಸಬೇಕು, ಆ ವಿಷಯದಲ್ಲಿ ನಿನಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಅವಳ ಕಾವಲುಗಾರಳಾಗುವ ಹೊಣೆ ಮಾತ್ರ ನಿನ್ನದಲ್ಲ. ಅದು ನನ್ನದು, ಅಮ್ಮನದು, ಈ ವಿಷವನ್ನು ಚೆಲ್ಲಿದ ವ್ಯವಸ್ಥೆಯದು. ನಿನ್ನ ವಯಸ್ಸಿನವರಿಗೆ ಇಡೀ ರಾತ್ರಿ ನಿದ್ದೆ ಬೇಕು, ಪ್ಲಸ್ ವನ್ ಓದು ಬೇಕು, ಗೆಳತಿಯರ ಜೊತೆ ಕುಂಬಳೆ ಆಯನದ ಜಾತ್ರೆ ನೋಡಲು ಹೋಗುವುದು ಬೇಕು.

ಕಥೆಯನ್ನು ಹೇಗೆ ಮುಗಿಸಬೇಕೆಂಬುದು ನಿನಗೆ ಬಿಟ್ಟದ್ದು. ಸುಖಾಂತ ಮಾಡು ಎಂದು ನಾನು ಹೇಳುವುದಿಲ್ಲ, ಬಾಗಿಲು ತೆರೆಯದಿದ್ದರೆ ತೆರೆಯದಿರಲಿ. ಆ ಕಿಂಡಿಯನ್ನು ಮಾತ್ರ ಎಲ್ಲಿಯಾದರೂ ಇಡು. ಒಳಗಿರುವ ದೊಡ್ಡವರಲ್ಲಿ ಒಬ್ಬರಿಗಾದರೂ ನಿನ್ನೆಯ ರಾತ್ರಿ ನೆನಪಿರಲಿ. ಆ ಹುಡುಗಿ ಒಂದು ರಾತ್ರಿ ಅವರಿಗೆ ಹೇಳಲಿ, ಅವರು ನಂಬಲಿ. ಆಮೇಲೆ ಕಥೆ ಎಲ್ಲಿಗೆ ಹೋಗುತ್ತದೆಯೋ ಹೋಗಲಿ.

ಮನೆಯ ಏರ್ಪಾಟು ಹೀಗಿದೆ. ಇಂದಿನಿಂದ ಅಕ್ಕನ ಕೋಣೆಯಲ್ಲಿ ನಾನು ಮಲಗುತ್ತೇನೆ. ಅಡಿಕೆ ಸುಲಿಯುವ ದಿನಗಳಲ್ಲಿ ಅಮ್ಮ. ಶನಿವಾರ ನೀನು ಬಂದಾಗ ನಿನ್ನ ಹಾಸಿಗೆ ಚಾವಡಿಯ ಪಕ್ಕದ ಕೋಣೆಯಲ್ಲಿ ಇರುತ್ತದೆ. ರಾತ್ರಿ ಸದ್ದು ಕೇಳಿದರೂ ನೀನು ಏಳಬೇಕಾಗಿಲ್ಲ. ಏಳಲೇಬೇಕಾದರೆ ನಾನೇ ಕರೆಯುತ್ತೇನೆ. ಅಕ್ಕನ ಫಿಟ್ಸ್ ದಿನಗಳನ್ನು ನೀನು ಮೊಬೈಲಿನಲ್ಲಿಯೂ ಬರೆದಿಟ್ಟಿದ್ದೀಯೆಂದು ಅಮ್ಮ ಹೇಳಿದಳು. ಅದನ್ನು ನನಗೆ ಕಳುಹಿಸಿ ನಿನ್ನದರಿಂದ ಅಳಿಸಿಬಿಡು. ಮುಂದಿನ ಸಲ ಡಾಕ್ಟರ್ ಕೇಳಿದಾಗ ಉತ್ತರ ಹೇಳಬೇಕಾದವನು ನಾನು.

ನಿನ್ನ
ಅಪ್ಪ